ದೇವರ ಮೇಲೆ ದಾವೆ, ಕಂಪನಿ ಪಾರು

2016ರ ದೀಪಾವಳಿ ಹೊತ್ತಿಗೆ ಬಂದ ‘ಮುಕುಂದ ಮುರಾರಿ’ಯನ್ನು ಮೊನ್ನೆ ಮತ್ತೆ ನೋಡಿದೆ. ನಂದಕಿಶೋರ್ ನಿರ್ದೇಶನ, ಉಪೇಂದ್ರ ನಾಸ್ತಿಕ, ಸುದೀಪ್ ಕೃಷ್ಣ. ಹಿಂದಿಯ ‘ಓ ಮೈ ಗಾಡ್’ ರೀಮೇಕು, ಅದಕ್ಕೂ ಹಿಂದೆ ಒಂದು ಗುಜರಾತಿ ನಾಟಕ. ದೇವರ ಮೂರ್ತಿ ಮಾರಿ ಬದುಕುವ, ದೇವರನ್ನು ಮಾತ್ರ ನಂಬದ ಮುಕುಂದನ ಅಂಗಡಿ ನೆಲಸಮವಾಗುತ್ತದೆ. ಇದು ದೇವರ ಕೆಲಸ, ದುಡ್ಡು ಬರುವುದಿಲ್ಲ ಎನ್ನುತ್ತದೆ ವಿಮಾ ಕಂಪನಿ. ಹಾಗಾದರೆ ದೇವರೇ ಕೊಡಲಿ ಎಂದು ಆತ ಕೋರ್ಟು ಹತ್ತುತ್ತಾನೆ.

ಆಗ ನಾವು ಬಿದ್ದು ಬಿದ್ದು ನಕ್ಕಿದ್ದು ಸ್ವಾಮಿಗಳ ಸೀನುಗಳಿಗೆ. ಈಗ ಅವು ಸಪ್ಪೆ. ನಿಜವಾದ ಸ್ವಾಮಿಗಳು ಟೀವಿಯಲ್ಲಿ ಅದಕ್ಕಿಂತ ಚೆನ್ನಾಗಿ ನಗಿಸುತ್ತಾರೆ. ಕೋಟುಮಚಗಿಯ ಎರಿ ಹೊಲದಲ್ಲಿ ಹೆಸರು, ಕಡಲೆ ಬಿತ್ತುವ ನನಗೆ ಈಗ ಚುಚ್ಚುವುದು ವಿಮೆಯ ಮಾತು. ಬೆಳೆವಿಮೆಯ ಫಸಲ್ ಬಿಮಾ ಯೋಜನೆ ಶುರುವಾದದ್ದೂ ಅದೇ 2016ರ ಮುಂಗಾರಿಗೆ. ಮುಂಗಾರಿ ಬೆಳೆಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ ರೂಪಾಯಿ ಕಂತು. ಸಿನಿಮಾದಲ್ಲಿ ದೇವರ ಕೆಲಸಕ್ಕೆ ದುಡ್ಡಿಲ್ಲ. ನಮ್ಮ ಬೆಳೆವಿಮೆ ಇರುವುದೇ ದೇವರ ಕೆಲಸಕ್ಕೆ. ಆದರೆ ಮಳೆರಾಯ ನನ್ನೊಬ್ಬನ ಹೊಲಕ್ಕೆ ಮುನಿದರೆ ಸಾಲದು. ಮುಖ್ಯ ಬೆಳೆಗೆ ಇಡೀ ಪಂಚಾಯ್ತಿಗೆ ಒಂದೇ ಲೆಕ್ಕ. ಆರಿಸಿದ ಕೆಲವು ಹೊಲಗಳಲ್ಲಿ ಅಳತೆಯಷ್ಟು ಜಾಗ ಗುರುತು ಹಾಕಿ, ಕೊಯ್ದು, ತೂಗಿ ಸರಾಸರಿ ಕಟ್ಟುತ್ತಾರೆ. ಅದು ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರಷ್ಟೇ ಪರಿಹಾರ. (ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ ಬೇರೆ ದಾರಿ ಇದೆ, 72 ತಾಸಿನೊಳಗೆ ತಿಳಿಸಬೇಕು.)

ಮುಕುಂದನ ದಾವೆ ವಿಮಾ ಕಂಪನಿಯ ಕಡೆ ತಿರುಗಿದ್ದರೆ ಸಿನಿಮಾಕ್ಕೆ ವಯಸ್ಸಾಗುತ್ತಿರಲಿಲ್ಲ. ಬದಲಿಗೆ ನಡುವೆ ಸಾಕ್ಷಾತ್ ಕೃಷ್ಣನೇ ಇಳಿದು ಬಂದು ನಾಸ್ತಿಕನ ಕೈ ಹಿಡಿಯುತ್ತಾನೆ. ತಪ್ಪೆಲ್ಲ ಮಠಾಧೀಶರ ತಲೆಗೆ. ದೇವರೂ ಪಾರು, ಕಂಪನಿಯೂ ಪಾರು. ಸಿನಿಮಾದವರು ದೇವರಿಗೆ ಹೆದರಿದರೋ, ಅಭಿಮಾನಿಗಳಿಗೋ?

ಉತ್ತರ ಕರ್ನಾಟಕದ ಬಯಲಾಟಕ್ಕೆ ಈ ಅಂಜಿಕೆ ಇರಲಿಲ್ಲ. ಕುಲಗೋಡ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಒಂದು ಹೂವಿನ ಸಲುವಾಗಿ ರುಕ್ಮಿಣಿ, ಸತ್ಯಭಾಮೆಯರ ನಡುವೆ ಸಿಕ್ಕ ದೇವರ ಪಾಡು ನೋಡಬೇಕು. ಗೊಲ್ಲತಿಯಂತೂ ಎದುರಿಗೇ ನಿಂತು ವಾದಕ್ಕಿಳಿಯುತ್ತಾಳೆ. ಬೆಳತನಕ ಕುಂತು ನಗುವವರು ಭಕ್ತರೇ. ಯಾರ ಭಾವನೆಗೂ ಧಕ್ಕೆ ಆಗಿದ್ದು ನಾ ಕಂಡಿಲ್ಲ.

ಹಾಗಾಗಿ ನನ್ನ ತೀರ್ಪು: ಮಧ್ಯಂತರದವರೆಗೆ ನೋಡಿ, ಅಲ್ಲಿಗೆ ಎದ್ದುಬಿಡಿ. ನಮ್ಮ ಕಡೆಯ ಆಟದ ಮೇಳದವರಲ್ಲಿ ಒಂದು ವಿನಂತಿ: ಬರುವ ಜಾತ್ರೆಗೆ ಗೊಲ್ಲತಿಯನ್ನು ಒಮ್ಮೆ ವಿಮಾ ಕಚೇರಿಗೆ ಕಳಿಸಿ.