ಮಂಜೂರಾತಿಯ ದಾರಿ ಬದಲಿಸುವ ಮುನ್ನ

ಕ್ಯಾಸಂಬಳ್ಳಿ ಹೋಬಳಿಯ ಶಾಲೆಯೊಂದರ ಶಿಕ್ಷಕಿ ಹೆರಿಗೆ ರಜೆಗೆ ಅರ್ಜಿ ಹಾಕಿದ್ದಾರೆ ಎಂದುಕೊಳ್ಳಿ. ಕಾಗದದ ಕಾಲದಲ್ಲಾದರೆ ಅದು ಮುಖ್ಯ ಶಿಕ್ಷಕರ ಸಹಿ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಟಪಾಲಿಗೆ ಸೇರಿ, ಕೇಸ್‌ವರ್ಕರ್ ಮೇಜಿಗೆ ಬರುತ್ತಿತ್ತು. ತಡವಾದರೆ ಮನೆಯವರು ಯಾರಾದರೂ ಬಸ್ಸು ಹತ್ತಿ ಹೋಗಿ, ಕಡತ ಯಾರ ಬಳಿ ಇದೆಯೆಂದು ಕೇಳಬಹುದಿತ್ತು. ಅರ್ಜಿ ಮೊಬೈಲಿನಿಂದಲೇ ಹೋಗುವಾಗ ಹಾಗೆ ಕೇಳಲು ಮೇಜಿರುವುದಿಲ್ಲ. ನಡುವೆ ಯಾರೋ ಬೆಂಗಳೂರಿನಲ್ಲಿ ಮಂಜೂರಾತಿಯ ಒಂದು ಹಂತ ಬದಲಿಸಿದರೆ, ಆ ಅರ್ಜಿ ಹಳೆಯ ದಾರಿಯಲ್ಲೂ ಇಲ್ಲದೆ ಹೊಸ ದಾರಿಗೂ ಸೇರದೆ ನಿಂತುಬಿಡಬಹುದು. ರಜೆ ಮಂಜೂರಾಗದಿದ್ದರೆ ಸಂಬಳ ನಿಲ್ಲುತ್ತದೆ, ಅದೂ ಬಾಣಂತಿಯ ಸಂಬಳ.

ಸರ್ಕಾರಿ ನೌಕರರ ವೇತನ, ರಜೆಗಳನ್ನು ನಿರ್ವಹಿಸುವ ರಾಜ್ಯದ ಎಚ್‌ಆರ್‌ಎಂಎಸ್ ತಂತ್ರಾಂಶ ಎರಡನೇ ಆವೃತ್ತಿಗೆ ಹೊರಳುತ್ತಾ, ನೌಕರರೇ ಲಾಗಿನ್ ಆಗಿ ತಮ್ಮ ಕೆಲಸ ಮಾಡಿಕೊಳ್ಳುವ ವ್ಯವಸ್ಥೆ ಬೆಳೆಯುತ್ತಿರುವ ಹೊತ್ತಿನಲ್ಲಿ ಈ ಎಚ್ಚರಿಕೆ ಹೇಳಬೇಕಾಗಿದೆ. ಪ್ರತಿ ಇಲಾಖೆಯೂ ತನಗೆ ತಕ್ಕ ಬದಲಾವಣೆ ಕೇಳುತ್ತದೆ, ಕೇಳುವುದು ನ್ಯಾಯವೂ ಹೌದು. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಸಾಂದರ್ಭಿಕ ರಜೆಯನ್ನು 15ರಿಂದ 10 ದಿನಕ್ಕೆ ಇಳಿಸಿದಾಗ, ಆ ಶನಿವಾರ ಸಿಗದ ಶಿಕ್ಷಕರಿಗೆ ಹಳೆಯ ಲೆಕ್ಕವೇ ಉಳಿಯಿತು. ಗಳಿಕೆ ರಜೆಯೂ ಬೇಸಿಗೆ ರಜೆ ಇರುವವರಿಗೊಂದು, ಇಲ್ಲದವರಿಗೊಂದು. ಎಲ್ಲರಿಗೂ ಒಂದೇ ಅಚ್ಚು ಹೊಂದದು. ಹಾಗಾಗಿ ಬದಲಾವಣೆ ಬೇಡವೆಂದು ನಾವು ಹೇಳುತ್ತಿಲ್ಲ. ಪರೀಕ್ಷಿಸದೆ, ಬರೆದಿಡದೆ, ಒಬ್ಬರ ಮೌಖಿಕ ಸೂಚನೆಯ ಮೇಲೆ ಬದಲಿಸಬೇಡಿ ಎನ್ನುತ್ತಿದ್ದೇವೆ.

ಕ್ಯಾಸಂಬಳ್ಳಿಯಂಥ ಊರುಗಳಿಂದ ನೋಡಿದರೆ ಅಪಾಯ ಬೇಗ ಕಾಣುತ್ತದೆ. ಬಂಗಾರಪೇಟೆ ತಾಲ್ಲೂಕನ್ನು ಒಡೆದು ಕೆಜಿಎಫ್ ತಾಲ್ಲೂಕು ಮಾಡಿದಾಗ ಕ್ಯಾಸಂಬಳ್ಳಿ ಹೊಸ ತಾಲ್ಲೂಕಿಗೆ ಸೇರಿತು. ಮೇಲಧಿಕಾರಿ ಯಾರು, ಬಟವಾಡೆ ಅಧಿಕಾರಿ ಯಾರು ಎಂಬ ಪ್ರಶ್ನೆ ಇಂಥ ಸಮಯದಲ್ಲೇ ಏಳುವುದು. ಮನುಷ್ಯರಿಗಾದರೆ ಅದು ಗೊತ್ತಾಗುತ್ತದೆ, ತಂತ್ರಾಂಶಕ್ಕೆ ಯಾರಾದರೂ ಹೇಳಬೇಕು. ಇನ್ನು ಖಾಲಿ ಹುದ್ದೆಗಳ ಮಾತು. ಒಬ್ಬರೇ ಅಧಿಕಾರಿ ಎರಡು ಕಚೇರಿಗಳ ಪ್ರಭಾರ ಹೊತ್ತು ಓಡಾಡುವುದು ನಮ್ಮ ಜಿಲ್ಲೆಗಳಲ್ಲಿ ಹೊಸದೇನಲ್ಲ. ‘ಪರಿಶೀಲನೆ’ ಎಂಬ ಹೆಚ್ಚುವರಿ ಹಂತವೊಂದನ್ನು ಸೇರಿಸಿದಾಗ, ಪರಿಶೀಲಿಸಬೇಕಾದ ಹುದ್ದೆಯಲ್ಲಿ ಯಾರೂ ಇಲ್ಲದ ಕಚೇರಿಯ ಅರ್ಜಿಗಳು ಎಲ್ಲಿಗೆ ಹೋಗಬೇಕು? ಕೊನೆಗೆ ಆಗುವುದು ಇಷ್ಟೆ: ಸಾಹೇಬರ ಪಾಸ್‌ವರ್ಡ್ ಕೇಸ್‌ವರ್ಕರ್ ಕೈಗೆ ಬರುತ್ತದೆ. ಅರ್ಜಿ ಸಿದ್ಧಪಡಿಸಿದವರೇ ಮಂಜೂರಾತಿಯ ಗುಂಡಿಯನ್ನೂ ಒತ್ತುತ್ತಾರೆ. ಬ್ಯಾಂಕ್ ಖಾತೆ ಸಂಖ್ಯೆ ತಿದ್ದುವ ಅರ್ಜಿಗೂ ಇದೇ ದಾರಿಯಾದರೆ, ಸಂಬಳ ಬೇರೆಯವರ ಖಾತೆಗೆ ಹೋಗಲು ಹೆಚ್ಚು ದಿನ ಬೇಕಿಲ್ಲ.

ಅವಸರದ ಬದಲಾವಣೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಹೊರದೇಶದ ಉದಾಹರಣೆಯೂ ಇದೆ. ಕೆನಡಾದ ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ಫೀನಿಕ್ಸ್ ಎಂಬ ವೇತನ ವ್ಯವಸ್ಥೆಯನ್ನು ತಂದಿತು. ಸಿದ್ಧ ತಂತ್ರಾಂಶವೊಂದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವಾಗ, ವೆಚ್ಚ ಮತ್ತು ಗಡುವಿನ ಒತ್ತಡಕ್ಕೆ ಕೆಲವು ಸೌಲಭ್ಯಗಳನ್ನೇ ಕೈಬಿಟ್ಟರು. ಹಿಂದಿನ ತಿಂಗಳುಗಳ ಬಾಕಿ ವೇತನ ಲೆಕ್ಕ ಹಾಕುವುದೂ ಅದರಲ್ಲಿ ಸೇರಿತ್ತು. ಒಂದು ಇಲಾಖೆಯಲ್ಲಿ ಮೊದಲು ಓಡಿಸಿ ನೋಡುವ ಪ್ರಯೋಗವನ್ನೂ ರದ್ದು ಮಾಡಿದರು. ಅಲ್ಲಿನ ಮಹಾಲೇಖಪಾಲರು 2018ರ ವರದಿಯಲ್ಲಿ ಫೀನಿಕ್ಸ್ ಯೋಜನೆಯನ್ನು ಗ್ರಹಿಕೆಗೇ ನಿಲುಕದ ವೈಫಲ್ಯವೆಂದು ದಾಖಲಿಸಿದರು. ಬಾಕಿ ವೇತನ ಎಂಬುದು ನಮಗೆ ದೂರದ ವಿಷಯವೇ? ತುಟ್ಟಿಭತ್ಯೆ ಏರಿದಾಗಲೆಲ್ಲ ಹಿಂದಿನ ತಿಂಗಳುಗಳ ಬಾಕಿಯ ಲೆಕ್ಕ ನಮ್ಮಲ್ಲೂ ಬರುತ್ತದೆ.

ತಡೆಯುವ ದಾರಿ ತಿಳಿದಿರುವುದೇ. ತಂತ್ರಾಂಶದ ಮೂಲಕ್ಕೆ ಕೈಹಾಕದೆ, ಅದು ಕೊಡುವ ಆಯ್ಕೆಗಳಲ್ಲೇ ಆದಷ್ಟನ್ನು ಹೊಂದಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಆವೃತ್ತಿ ಬಂದ ದಿನ ತಿದ್ದಿದ್ದೆಲ್ಲ ಕಳಚಬಹುದು. ಬದಲಾವಣೆಯನ್ನು ಪ್ರತ್ಯೇಕ ಪ್ರಾಯೋಗಿಕ ಪ್ರತಿಯಲ್ಲಿ, ನೌಕರರ ನಿಜವಾದ ಹೆಸರು, ಖಾತೆಗಳನ್ನು ಮರೆಮಾಡಿ ಓಡಿಸಿ ನೋಡಬೇಕು. ಮುಖ್ಯವಾಗಿ, ದಾರಿಯಲ್ಲಿರುವ ಅರ್ಜಿಗಳು ಹಳೆಯ ನಿಯಮದಲ್ಲೇ ಮುಗಿಯಬೇಕು, ಹೊಸ ನಿಯಮ ಹೊಸ ಅರ್ಜಿಗೆ ಮಾತ್ರ. ಹುದ್ದೆ ಖಾಲಿಯಿದ್ದರೆ ಅರ್ಜಿ ಯಾರಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಬೇಕು. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳುವ ವ್ಯವಸ್ಥೆ ಬೇಕು. ವೇತನ ಬಿಲ್ ಸಿದ್ಧವಾಗುವ ದಿನಗಳಲ್ಲಿ ಯಾವುದನ್ನೂ ಮುಟ್ಟಬಾರದು. ಯಾರು ಯಾವಾಗ ಏನನ್ನು ಬದಲಿಸಿದರು ಎಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕು.

ರಾಜ್ಯದ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿ ಹುಟ್ಟಿದ್ದು ಈ ಕ್ಯಾಸಂಬಳ್ಳಿಯಲ್ಲೇ. ಜನರಿಗೆ ಉತ್ತರ ಹೇಳುವ ಸರ್ಕಾರ ಬೇಕೆಂದು ಮೈಸೂರು ಸಂಸ್ಥಾನದಲ್ಲಿ ಹೋರಾಡಿದವರು ಅವರು. ಸಂಬಳ ನಿಂತ ಶಿಕ್ಷಕಿಗೆ ‘ಸಿಸ್ಟಂ ತಗೊಳ್ತಿಲ್ಲ ಮೇಡಂ’ ಎಂಬುದು ಉತ್ತರವಲ್ಲ.

ಇ-ಆಡಳಿತ ಇಲಾಖೆ ಮುಂದಿನ ಪ್ರತಿ ಬದಲಾವಣೆಯನ್ನೂ ಮೊದಲು ಒಂದು ಹೋಬಳಿಯ ಶಾಲೆ, ಆರೋಗ್ಯ ಕೇಂದ್ರ, ನಾಡಕಚೇರಿಗಳಲ್ಲಿ ಪೂರ್ತಿ ಒಂದು ವೇತನ ತಿಂಗಳು ಓಡಿಸಿ ನೋಡಲಿ. ನೌಕರರ ಸಂಘಗಳು ಈ ಬೇಡಿಕೆಯನ್ನು ಈಗಲೇ ಲಿಖಿತವಾಗಿ ಇಡಲಿ.