ಅಂಗಳದಾಗ ಒಂದೀಟು ಮಣ್ಣು ಉಳಿಸ್ರಿ

ಮನಿ ಮುಂದ ಗೇಟಿನ ತನಕ ಪೂರ್ತಿ ಪೇವರ್ಸ್ ಹಾಸಿಬಿಡೋದು ನನಗ ಸೇರೂದಿಲ್ಲ. ಓಣ್ಯಾಗ ನಿಂತು ಹೇಳಿದ್ರ ಯಾರದೋ ಮನಿ ಕಡೆ ಬೆರಳು ಮಾಡಿದಂಗ ಆಗ್ತದ, ಅದಕ್ಕ ಇಲ್ಲಿ ಬರೀಲಿಕತ್ತೀನಿ. ಓದಿ ಸಿಟ್ಟು ಬಂದ್ರ ಮನಿಗೆ ಬರ್ರಿ, ಚಾ ಕುಡಕೋತ ಜಗಳಾಡೋಣು.

ಪೇವರ್ಸ್ ಯಾಕ ಹಾಕಿಸ್ತಾರ ಅನ್ನೋದು ನನಗೂ ಗೊತ್ತದ. ಕಸಾ ಹೊಡೀಲಿಕ್ಕೆ ಸಲೀಸು, ಮಳಿಗಾಲದಾಗ ರಾಡಿ ಒಳಗ ಬರೂದಿಲ್ಲ, ಗಾಡಿ ನಿಂದ್ರಸಲಿಕ್ಕೆ ಛಲೋ, ಥಳಿ ಹಾಕಿ ರಂಗೋಲಿ ಬಿಟ್ರ ಎದ್ದು ಕಾಣ್ತದ. ನಮ್ಮ ವಯಸ್ಸಿನವರ ಮೊಣಕಾಲಿಗೆ ದಿನಾ ಅಂಗಳ ಸಾರಿಸೋ ಶಕ್ತಿ ಎಲ್ಲಿಂದ ಬರಬೇಕು? ಅಂಗಳ ಪೂರ್ತಿ ಮಣ್ಣಿರಲಿ ಅಂತ ನಾ ಅನ್ನೂದಿಲ್ಲ. ಕಂಪೌಂಡಿನ ಗುಂಟ ಎರಡು ಫೂಟು ಅಗಲದ ಮಣ್ಣಿನ ಪಟ್ಟಿ ಒಂದು ಬಿಡ್ರಿ ಅಂತೀನಿ, ಅಷ್ಟ.

ಲೆಕ್ಕ ಹಾಕಿ ನೋಡ್ರಿ. ಒಂದು ಚದರ ಮೀಟರ್ ಜಾಗದ ಮ್ಯಾಲೆ ಒಂದು ಮಿಲಿಮೀಟರ್ ಮಳಿ ಬಿದ್ರ ಒಂದು ಲೀಟರ್ ನೀರು. 30-40ರ ಸೈಟು ಅಂದ್ರ 1,200 ಚದರ ಫೂಟು, ಸುಮಾರು 111 ಚದರ ಮೀಟರ್. ಒಂದು ಇಂಚು, ಅಂದ್ರ 25 ಮಿಲಿಮೀಟರ್ ಮಳಿ ಹೊಡೀತು ಅನ್ರಿ. 2,700 ಲೀಟರಿಗೂ ಹೆಚ್ಚು ನೀರಾತು. 200 ಲೀಟರಿನ ಬ್ಯಾರಲ್ 13 ತುಂಬಿ ಮ್ಯಾಲೆ ಉಳೀತದ. ಇಪ್ಪತ್ತು ಮನಿ ಇರೋ ಓಣ್ಯಾಗ 260 ಬ್ಯಾರಲ್! ಮಾಳಿಗಿ ನೀರು ಪೈಪಿನಿಂದ ಪೇವರ್ಸಿಗೆ, ಪೇವರ್ಸಿನಿಂದ ರಸ್ತೆಕ್ಕ, ರಸ್ತೆದಿಂದ ಗಟಾರಕ್ಕ. ಒಂದು ತಾಸಿನ ಮಳಿಗೆ ಇಷ್ಟೆಲ್ಲಾ ಒಮ್ಮೆಲೆ ಬಂದ್ರ ಆ ಗಟಾರ ಏನು ಮಾಡಬೇಕು?

ನಮ್ಮ ಓಣಿ ಇಳಿಜಾರಿನ್ಯಾಗ ಅದ. ನಮ್ಮನಿ ಮ್ಯಾಲಿನ ತುದಿಗೆ, ಬಾಗಲ ಮುಂದ ಒಂದು ಹನಿ ನಿಂದ್ರೂದಿಲ್ಲ. ಕೆಳಗಿನ ತುದಿಗೆ ಇರೋ ಕಾಕೂನ ಮನಿಗೆ ಹೋದ ವರ್ಷ ಎರಡು ಸರತೆ ನೀರು ಹೊಕ್ಕಿತು. ಗಾದಿ ತೊಯ್ದು, ಅಕ್ಕಿ ಡಬ್ಬಿ ತೇಲಿ, ಎಪ್ಪತ್ತು ದಾಟಿದ ಆಕಿ ರಾತ್ರಿ ಎಲ್ಲಾ ಕಾಟಿನ ಮ್ಯಾಲೆ ಕಾಲು ಮ್ಯಾಲೆ ಮಾಡಿಕೊಂಡು ಕೂತಿದ್ಲು. ಮರುದಿನ ಎಲ್ಲಾರೂ ಹೋಗಿ ನೀರು ಬಳದ್ವಿ. ಗಟಾರ ದೊಡ್ಡದು ಮಾಡಬೇಕು ಅಂತ ಎಲ್ಲಾರೂ ಅಂದ್ರು. ಮಾಡಬೇಕು, ಖರೆ. ಆದ್ರ ಗಟಾರ ದೊಡ್ಡದಾದ್ರ ನೀರೇನು ಕಡಿಮಿ ಆಗ್ತದ? ಕಾಕೂನ ಮನಿ ಬಿಟ್ಟು ಮುಂದಿನ ಓಣಿಯ ಮತ್ತೊಬ್ಬ ಕಾಕೂನ ಮನಿಗೆ ಹೋಗ್ತದ.

ಇನ್ನೊಂದು ಮಾತು. ಎಂಟು ದಿನಕ್ಕೊಮ್ಮೆ ನಳಾ ಬರೋದು ಏನಂತ ನಮಗೆಲ್ಲಾ ಗೊತ್ತದ. ನಳದ ನೀರಿಗೆ ಕೊಡ ಹಿಡಕೊಂಡು ಕಾಯ್ತೀವಿ, ಮುಗಲಿನಿಂದ ಬಂದ ನೀರನ್ನ ಮಾತ್ರ ಲಗೂನ ಹೋಗಲಿ ಅಂತ ಹೊರಗ ದಬ್ತೀವಿ. ಬೆಂಗಳೂರಿನವರ ಕಥಿ ನೋಡ್ರಿ. 2022ರ ಸೆಪ್ಟೆಂಬರಿನ್ಯಾಗ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರು, ಅಷ್ಟು ನೀರು. 2024ರ ಬ್ಯಾಸಗಿಗೆ ಅದೇ ಊರಾಗ ಟ್ಯಾಂಕರ್ ಸಿಗವಲ್ದು. ನಮ್ಮ ಧಾರವಾಡದ ಹಿರಿಯರು ತಗ್ಗಿನ್ಯಾಗ ನೀರು ನಿಂದ್ರಸಲಿಕ್ಕೆ ಜಾಗ ಇಟ್ಟಿದ್ರು. ಸಾಧನಕೇರಿ, ಕೆಲಗೇರಿ, ನುಗ್ಗಿಕೇರಿ ಕಡೆ ಹೋದ್ರ ಆ ಕೆರಿ ಇನ್ನೂ ಕಾಣ್ತಾವ. ನಾವು ಕೆರಿ ಕಟ್ಟಬೇಕಾಗಿಲ್ಲ, ಎರಡು ಫೂಟು ಮಣ್ಣು ಉಳಿಸಿದ್ರ ಸಾಕು.

ಪಟ್ಟಿ ಹೆಂಗ ಮಾಡೋದು ಅಂತ ಹೇಳಿಬಿಡ್ತೀನಿ. ಪಟ್ಟಿ ಅಂಗಳಕ್ಕಿಂತ ಅರ್ಧ ಫೂಟು ತಗ್ಗಿನ್ಯಾಗ ಇರಬೇಕು. ಭಾಳ ಮಂದಿ ಸುತ್ತಲೂ ಇಟ್ಟಂಗಿ ಕಟ್ಟಿ ಕಟ್ಟಿಸಿ, ಒಳಗ ಮಣ್ಣು ಎತ್ತರ ತುಂಬಿಸ್ತಾರ. ಅದು ನೋಡಲಿಕ್ಕೆ ಚಂದ, ಆದ್ರ ಅಂಗಳದ ನೀರು ಅದರೊಳಗ ಹೋಗೋದು ಹೆಂಗ? ಅದು ಬರೇ ಉದ್ದನ್ನ ಪಾಟು ಆತು. ಮಸಾರಿ ಮಣ್ಣಾದ್ರ ನೀರು ಬ್ಯಾಗ ಇಂಗ್ತದ. ಎರಿ ಮಣ್ಣಾದ್ರ ಸಾವಕಾಶ. ಎರಿ ತೊಯ್ದಾಗ ಉಬ್ಬಿ, ಒಣಗಿದಾಗ ಬಿರಿಯೋ ಜಾತಿ, ಅದಕ್ಕ ಮನಿ ಗ್ವಾಡಿಗೆ ಹತ್ತಿ ಮಾಡಬ್ಯಾಡ್ರಿ, ಕಂಪೌಂಡಿನ ಕಡೆ ಸರಸ್ರಿ. ಸ್ವಲ್ಪ ಆಳ ತಗದು ಉಸುಕು, ಗರಸು, ಎಲಿಗೊಬ್ಬರ ಕೂಡಿಸಿ ತುಂಬ್ರಿ. ನೀರು ಬಂದು ಬೀಳೋ ಕಡೆ ನಾಕು ಕಲ್ಲು ಇಟ್ರ ಮಣ್ಣು ಕೊಚ್ಚೂದಿಲ್ಲ. ಕೆಸುವಿನ ಗಡ್ಡಿ, ಕ್ಯಾನಾ ಹೂವು, ಬಾಳಿ, ಲಾವಂಚ ಹಚ್ರಿ. ಇವಕ್ಕ ಒಂದೆರಡು ದಿನ ಕಾಲಾಗ ನೀರು ನಿಂತ್ರ ಏನೂ ಆಗೂದಿಲ್ಲ. ಲಾವಂಚದ ಬೇರು ನೆಟ್ಟಗ ಆಳಕ್ಕ ಇಳದು ಮಣ್ಣಿನ್ಯಾಗ ದಾರಿ ಮಾಡ್ತಾವ. ತುಳಸಿ ಮಾತ್ರ ಅಲ್ಲಿ ಹಚ್ಚಬ್ಯಾಡ್ರಿ, ಕೊಳೀತದ. ಬಚ್ಚಲ ನೀರು, ಅರಬಿ ಒಗದ ಸಾಬಾಣಿನ ನೀರು ಅದಕ್ಕ ಬಿಡಲೇಬ್ಯಾಡ್ರಿ.

ಗುಂಗಾಡ ಆಗ್ತಾವ ಅಂತಾರ. ಗುಂಗಾಡ ತತ್ತಿಯಿಂದ ಹುಳಾ ಆಗಿ ಹಾರಬೇಕಾದ್ರ ಹೆಚ್ಚು ಕಡಿಮಿ ಒಂದು ವಾರ ನಿಂತ ನೀರು ಬೇಕು. ಇಲ್ಲಿ ನೀರು ಎರಡು ದಿನದಾಗ ಇಂಗ್ತದ. ಇಂಗಲಿಲ್ಲ ಅಂದ್ರ ಉಸುಕು ಕಡಿಮಿ ಬಿದ್ದದ ಅಂತ ತಿಳೀರಿ. ಮನಿ ಹಿಂದಿನ ಒಡದ ಬಕೀಟು, ಹಳೇ ಟೈರು, ಅಲ್ಲಿ ಮೊದಲ ನೋಡ್ರಿ. ಎಲಿ ಉದುರಿ ಕಸಾ ಆಗ್ತದ ಅಂತಾರ. ಆಗ್ತದ. ಆ ಕಸಾ ಅಲ್ಲೇ ಗಿಡದ ಬುಡಕ್ಕ ಸರಸ್ರಿ, ಗೊಬ್ಬರ ಆಗ್ತದ.

ಕಾಯ್ದೆ ಮಾಡಿದ್ರ ಮಂದಿ ಮಾಡ್ತಾರ ಅಂತ ನಮ್ಮ ಮನಿಯವರು ಅಂತಾರ. ತಮಿಳುನಾಡಿನ್ಯಾಗ 2003ರಾಗ ಮಳಿನೀರು ಕೊಯ್ಲು ಕಡ್ಡಾಯ ಮಾಡಿದ್ರು, ಬೆಂಗಳೂರಾಗ 2009ರಿಂದ ಅದ. ಕಾಯ್ದೆ ಬೇಕು, ಬ್ಯಾಡ ಅನ್ನೂದಿಲ್ಲ. ಆದ್ರ ಬೆಂಗಳೂರಾಗ ನನಗ ಸೇರಿದ್ದು ಬ್ಯಾರೆ. ಕೆಲವು ಬಡಾವಣಿಯ ಮಂದಿ ತಾವ ಕೂಡಿ ಇಂಗುಬಾವಿ ತೋಡಿಸ್ಯಾರ. ಮೂರು ಫೂಟು ಅಗಲ, ಇಪ್ಪತ್ತು ಫೂಟಿನಷ್ಟು ಆಳ, ಸಿಮೆಂಟಿನ ರಿಂಗ್ ಇಳಿಸಿದ ಬಾವಿ. ತಲತಲಾಂತರದಿಂದ ಬಾವಿ ತೋಡೋ ಮಣ್ಣುವಡ್ಡರಿಗೂ ಅದರಿಂದ ಮತ್ತ ಕೆಲಸ ಬಂತು. ಓಣಿ ಒಗ್ಗಟ್ಟಾದ್ರ ಇಷ್ಟು ಆಗ್ತದ.

ನನ್ನ ಅಭಿಪ್ರಾಯ ಇಷ್ಟ. ಈ ಕೆಲಸ ಮ್ಯಾಲಿನ ಮನಿಯವರಿಂದ ಶುರು ಆಗಬೇಕು. ಕಾಕೂ ತನ್ನ ಅಂಗಳ ಎಷ್ಟು ಅಗದ್ರೂ ಪ್ರಯೋಜನ ಇಲ್ಲ, ಆಕಿ ಮನಿಗೆ ಬರೋ ನೀರು ಆಕೀದಲ್ಲ, ನಮ್ಮದು. ನೀರು ನಿಲ್ಲದವರಿಗೆ ಇದರ ತ್ರಾಸ ಕಾಣೂದಿಲ್ಲ, ಅದಕ್ಕ ನಾವ ಮೊದಲು ನೆನಪಿಡಬೇಕು. ಹೊಸದಾಗಿ ಅಂಗಳ ಮಾಡಸೋರು ಗೌಂಡಿಗೆ ಮೊದಲ ಹೇಳ್ರಿ, ಆಮ್ಯಾಲೆ ಒಡಸೋದು ಖರ್ಚು. ಆಗಲೇ ಹಾಕಿಸಿದವರು ಕಂಪೌಂಡ್ ಕಡೆಯ ಎರಡು ಸಾಲು ಪೇವರ್ಸ್ ಎತ್ರಿ. ರಸ್ತೆ ಬದಿ ಹೊಂಗಿ, ಬೇವಿನ ಗಿಡದ ಬುಡಕ್ಕ ಸಿಮೆಂಟ್ ಹಾಕಲಿಕ್ಕೆ ಬಂದ್ರ ಸುಮ್ಮನ ನೋಡಬ್ಯಾಡ್ರಿ, ಸುತ್ತ ಒಂದು ಮೀಟರ್ ಬಿಡ್ರಿ ಅಂತ ಕೇಳ್ರಿ. ದಿಲ್ಲಿಯೊಳಗ ಹಸಿರು ನ್ಯಾಯಮಂಡಳಿ 2013ರಾಗ ಹಂಗ ಬಿಡಬೇಕು ಅಂತ ಆದೇಶ ಮಾಡ್ಯದ.

ನಮ್ಮ ಪಟ್ಟಿಯೊಳಗ ಕೆಸುವಿನ ಗಡ್ಡಿ, ಲಾವಂಚದ ಸಸಿ ಬೇಕಾದಷ್ಟು ಅವ. ಮಿರಗಿನ ಮಳಿ ಹಿಡಿಯೋದರೊಳಗ ಬಂದು ಒಯ್ಯರಿ, ಚೀಲ ನೀವ ತರ್ರಿ.