ಕಿಡ್ನಿಗೆ ಸ್ಟೆಮ್ ಸೆಲ್: ಹೊಲ ಮಾರುವ ಮೊದಲು ಒಂದು ಮಾತು

ಕಳೆದ ತಿಂಗಳು ಅರಳಿಕಟ್ಟೆ ಮೇಲೆ ಕೂತಿದ್ದ ನಮ್ಮೂರಿನ ಹಿರಿಯರೊಬ್ಬರು ನನ್ನನ್ನು ಕರೆದು ಮೊಬೈಲ್ ಕೈಗಿಟ್ಟರು. ಅವರ ಒಂದು ಕಿಡ್ನಿಗೆ ರಕ್ತ ಒಯ್ಯುವ ನಾಳ ಕಿರಿದಾಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿತ್ತು. ಮೊಬೈಲಿನಲ್ಲಿದ್ದ ವಿಡಿಯೊ, ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿದರೆ ಕಿಡ್ನಿ ಹೊಸದಾಗುತ್ತದೆ ಎನ್ನುತ್ತಿತ್ತು.

"ಇರೋ ಎರಡು ಎಕರೆಯಲ್ಲಿ ಒಂದು ಎಕರೆ ಕೊಟ್ಟುಬಿಡಲೇನಪ್ಪಾ?" ಎಂದರು.

"ಬೇಡ ಅಜ್ಜ" ಎಂದೆ. ಯಾಕೆ ಹಾಗೆಂದೆ ಎನ್ನುವುದನ್ನು ನಿಮಗೂ ಹೇಳಬೇಕು.

ಮೊದಲು ಕಾಯಿಲೆ ಏನೆಂದು ನೋಡೋಣ. ವಯಸ್ಸಾದವರಲ್ಲಿ ಹೆಚ್ಚಾಗಿ ಕೊಬ್ಬು ಕಟ್ಟಿಕೊಂಡು ಈ ನಾಳ ಕಿರಿದಾಗುತ್ತದೆ. ಬೀಡಿ, ಸಿಗರೇಟು, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ನಾಲೆಯ ಕೊನೆಭಾಗದ ರೈತ ನೀರು ಬರಲಿಲ್ಲವೆಂದು ಕೂಗುವ ಹಾಗೆ, ರಕ್ತ ಸಾಲದ ಕಿಡ್ನಿಯೂ ಕೂಗುತ್ತದೆ. ಅದು ಬಿಡುವ ರೆನಿನ್ ಎಂಬ ರಾಸಾಯನಿಕದಿಂದ ಇಡೀ ದೇಹದ ಬಿಪಿ ಏರುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಇಳಿಯದಿದ್ದರೆ ಡಾಕ್ಟರಿಗೆ ಈ ಅನುಮಾನವೂ ಬರುತ್ತದೆ.

ಹಾಗಾದರೆ ಸ್ಟೆಂಟ್ ಹಾಕಿ ನಾಳ ಅಗಲ ಮಾಡಿದರೆ ಮುಗಿಯಿತಲ್ಲ? ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅಮೆರಿಕದಲ್ಲಿ ಶುರುವಾದ ಕೋರಲ್ ಎಂಬ ಅಧ್ಯಯನದಲ್ಲಿ 947 ರೋಗಿಗಳನ್ನು ನೋಡಲಾಯಿತು. 2014ರಲ್ಲಿ ಅಚ್ಚಾದ ಅದರ ಫಲಿತಾಂಶದ ಪ್ರಕಾರ, ಸರಿಯಾಗಿ ಮಾತ್ರೆ ತೆಗೆದುಕೊಂಡವರಿಗಿಂತ ಮಾತ್ರೆಯ ಜೊತೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಆಗಲಿಲ್ಲ. ತೂಬು ತೆಗೆದ ಮಾತ್ರಕ್ಕೆ ಒಣಗಿದ ಪೈರು ಚಿಗುರುವುದಿಲ್ಲವಲ್ಲ, ಹಾಗೆ. ಕೆಲವರಿಗೆ ಸ್ಟೆಂಟ್ ಬೇಕೇ ಆಗುತ್ತದೆ. ಅದನ್ನು ಕಿಡ್ನಿ ಡಾಕ್ಟರ್ ನೋಡಿ ಹೇಳಬೇಕು.

ಸ್ಟೆಮ್ ಸೆಲ್ ಆಸೆ ಹುಟ್ಟಿದ್ದು ಇಲ್ಲೇ. ಅಮೆರಿಕದ ಮೇಯೊ ಕ್ಲಿನಿಕ್‌ನ ಸಂಶೋಧಕರು 14 ರೋಗಿಗಳ ಹೊಟ್ಟೆಯ ಕೊಬ್ಬಿನಿಂದ ಜೀವಕೋಶ ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಅವರದೇ ಕಿಡ್ನಿಯ ನಾಳಕ್ಕೆ ಬಿಟ್ಟರು. ಮೂರು ತಿಂಗಳಾದ ಮೇಲೆ ಆ ಕಿಡ್ನಿಯಲ್ಲಿ ರಕ್ತದ ಹರಿವು ಹೆಚ್ಚಿತ್ತು. ಇದು 2017ರಲ್ಲಿ ಪ್ರಕಟವಾಯಿತು. ಒಳ್ಳೆಯ ಸುದ್ದಿಯೇ. ಆದರೆ ನೋಡಿದ್ದು 14 ಜನರನ್ನು, ಅದೂ ಮೂರು ತಿಂಗಳು. ಕಾಯಿಲೆ ವಾಸಿಯಾಯಿತು ಎಂದು ಅವರು ಹೇಳಿಲ್ಲ.

ಆ ಪ್ರಯೋಗಕ್ಕೂ ಜಾಹೀರಾತಿನ ಇಂಜೆಕ್ಷನ್‌ಗೂ ಅಜಗಜಾಂತರ. ಥಾಯ್ಲೆಂಡ್‌ನ ಖಾಸಗಿ ಕ್ಲಿನಿಕ್ ಒಂದರಲ್ಲಿ ಬೇರೆ ಕಿಡ್ನಿ ಕಾಯಿಲೆಯಿದ್ದ ಹೆಂಗಸಿನ ಕಿಡ್ನಿಗೇ ಸ್ಟೆಮ್ ಸೆಲ್ ಚುಚ್ಚಿದ್ದರು. ಅಲ್ಲಿ ಗಂಟುಗಳು ಬೆಳೆದವು. ಆಕೆ ಉಳಿಯಲಿಲ್ಲ. 2010ರಲ್ಲಿ ವೈದ್ಯರು ಇದನ್ನು ವರದಿ ಮಾಡಿದರು.

ನಮ್ಮ ದೇಶದ ನಿಯಮ ಸ್ಪಷ್ಟವಾಗಿದೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕ್ಯಾನ್ಸರ್, ಥಲಸ್ಸೇಮಿಯಾದಂಥ ಕಾಯಿಲೆಗಳಿಗೆ ಮಾಡುವ ರಕ್ತದ ಸ್ಟೆಮ್ ಸೆಲ್ ಕಸಿಗೆ ಮಾತ್ರ ಚಿಕಿತ್ಸೆಯೆಂಬ ಮಾನ್ಯತೆ ಇದೆ. ಉಳಿದದ್ದೆಲ್ಲ ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕು. ಪ್ರಯೋಗಕ್ಕೆ ಬರುವ ರೋಗಿಯಿಂದ ಅದರ ದುಡ್ಡು ಕೇಳುವಂತಿಲ್ಲ.

ಆದ್ದರಿಂದ ಯಾರಾದರೂ ಕರೆದರೆ ಎರಡೇ ಪ್ರಶ್ನೆ ಕೇಳಿ. "ಇದು ಸಿಟಿಆರ್‌ಐನಲ್ಲಿ ನೋಂದಾಯಿಸಿದ ಪ್ರಯೋಗವೇ? ನಂಬರ್ ಕೊಡಿ." "ನಾನು ದುಡ್ಡು ಕೊಡಬೇಕೇ?" ನಂಬರ್ ಕೊಟ್ಟರೆ ಸಿಟಿಆರ್‌ಐ ವೆಬ್‌ಸೈಟಿನಲ್ಲಿ ನೀವೇ ಹುಡುಕಿ ನೋಡಬಹುದು. ನಂಬರ್ ಇಲ್ಲದೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಸದ್ಯಕ್ಕೆ ಕಿಡ್ನಿ ಉಳಿಸುವುದು ದಿನಾ ತಪ್ಪದೆ ನುಂಗುವ ಬಿಪಿ ಮಾತ್ರೆ, ಕೊಬ್ಬು ಇಳಿಸುವ ಮಾತ್ರೆ, ಕಡಿಮೆ ಉಪ್ಪು, ಬೀಡಿ ಬಿಡುವುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಇನ್ನೊಂದು ಮಾತು: ಈ ತೊಂದರೆ ಇರುವವರಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಥರದ ಮಾತ್ರೆ ಶುರು ಮಾಡಿದರೆ ಕೆಲವೇ ವಾರಗಳಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಆಗಲೇಬೇಕು. ಆದರೆ ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ಆ ಅಜ್ಜ ಹೊಲ ಮಾರಲಿಲ್ಲ. ವಿಡಿಯೊದಲ್ಲಿದ್ದ ನಂಬರಿಗೆ ಫೋನ್ ಮಾಡಿ ಆ ಎರಡು ಪ್ರಶ್ನೆ ಕೇಳಿದರಂತೆ. ಆ ಕಡೆಯವರು ಫೋನ್ ಇಟ್ಟರು.